ಮಗು ಮೂರು ಭಾಷೆ ಕಲಸಿ ಮಾತಾಡ್ತಾಳೆ. ಒಂದನ್ನೇ ಇಟ್ಟುಕೊಳ್ಳಬೇಕಾ?

ತಂಗಾಳಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ತಾಳ್ಮೆಯಿಂದ ಓದಿ.

ನನ್ನ ಮಗಳಿಗೆ ಮೂರು ವರ್ಷ ಎರಡು ತಿಂಗಳು. ಹುಟ್ಟಿದಾಗಿನಿಂದ ಅವಳ ಜೊತೆ ನಾನು ಕನ್ನಡ, ಅವರಪ್ಪ ತೆಲುಗು. ಪುಸ್ತಕ ಓದಿ ಮಾಡಿದ್ದಲ್ಲ, ಇಬ್ಬರಿಗೂ ಬಾಯಿಗೆ ಬಂದದ್ದು ಅದು. ಈಗ ಶಿಶುವಿಹಾರದಲ್ಲಿ ಇಂಗ್ಲಿಷ್ ಸೇರಿಕೊಂಡಿದೆ. ಹೋದ ವಾರ ಅಲ್ಲಿನ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು, ಮಗು ಮೂರು ಭಾಷೆ ಕಲಸಿ ಮಾತಾಡ್ತಾಳೆ, ತಲೆಯಲ್ಲಿ ಗೊಂದಲ ಆಗಿದೆ, ಮುಂದೆ ಯೋಚನಾಶಕ್ತಿಗೇ ಪೆಟ್ಟು ಬೀಳುತ್ತೆ, ಮನೆಯಲ್ಲೂ ಇಂಗ್ಲಿಷ್ ಒಂದನ್ನೇ ಇಟ್ಕೊಳ್ಳಿ ಅಂದರು. ಅದೇ ದಿನ ಸಂಜೆ ನಮ್ಮ ಭಾವ ಒಂದು ವೀಡಿಯೊ ಕಳಿಸಿದರು. ಎರಡು ಭಾಷೆ ಗೊತ್ತಿರೋ ಮಕ್ಕಳ ಬುದ್ಧಿ ಬೇರೆಯವರಿಗಿಂತ ಚುರುಕಂತೆ. ಬೆಳಿಗ್ಗೆ ದಡ್ಡಿಯಾಗಿದ್ದ ಮಗು ಸಂಜೆಗೆ ಮಹಾ ಜಾಣೆ!

ನಿನ್ನೆ ಅವಳು ಹೇಳಿದ್ದು: "ಅಮ್ಮಾ, ಬಾಲು ಕಿಂದ ಬಿದ್ದೋಯ್ತು." ಬಾಲು ಇಂಗ್ಲಿಷ್, ಕಿಂದ ಅಂದರೆ ತೆಲುಗಿನಲ್ಲಿ ಕೆಳಗೆ, ಬಿದ್ದದ್ದು ಮಾತ್ರ ಕನ್ನಡದಲ್ಲಿ. ಮೊದಲೆಲ್ಲ ಇಂಥದ್ದು ಕೇಳಿ ನಗು ಬರ್ತಿತ್ತು. ಈಗ ಕಸಿವಿಸಿ ಆಗ್ತಿದೆ. ನಾವು ಏನಾದರೂ ತಪ್ಪು ಮಾಡಿದೆವಾ? ಗೊತ್ತಿದ್ದವರು ಹೇಳಿ.

ಮಾತುಗಾತಿ

ತಂಗಾಳಿಯವರೇ, ನಾನು ಮಕ್ಕಳ ಸ್ಪೀಚ್ ಥೆರಪಿ ಕೆಲಸದಲ್ಲಿದ್ದೀನಿ. ಈ ಪ್ರಶ್ನೆ ವಾರಕ್ಕೆ ಎರಡು ಸಲವಾದರೂ ನನ್ನೆದುರು ಬಂದು ಕೂರುತ್ತೆ.

ಮೊದಲು ಆ ವಾಕ್ಯವನ್ನೇ ನೋಡಿ. ಪದಗಳ ಜಾಗ ಒಂದೂ ತಪ್ಪಿಲ್ಲ. ಏನು, ಎಲ್ಲಿಗೆ, ಏನಾಯ್ತು ಅನ್ನೋದು ಸರಿಯಾದ ಸಾಲಿನಲ್ಲಿದೆ. ಕ್ರಿಯಾಪದ ಕೊನೆಗೆ ಬಂದಿದೆ, ಚೆಂಡಿಗೆ ತಕ್ಕ ಹಾಗೆ ನಪುಂಸಕಲಿಂಗದಲ್ಲೇ ಇದೆ. ಗೊಂದಲ ಆದ ಮಗು ಹೀಗೆ ಮಾತಾಡಲ್ಲ. ಕೈಗೆ ಮೊದಲು ಸಿಕ್ಕಿದ ಪದ ಎತ್ತಿಕೊಂಡು ವಾಕ್ಯ ಕಟ್ಟಿದ್ದಾಳೆ, ಅಷ್ಟೇ. ನಾವು ದೊಡ್ಡವರು "ಫೋನ್ ಚಾರ್ಜ್‌ಗೆ ಹಾಕು" ಅಂದಾಗ ಮಾಡೋದೂ ಅದೇ. ನಮ್ಮನ್ನು ಯಾರೂ ಪಕ್ಕಕ್ಕೆ ಕರೆಯಲ್ಲ.

ಇನ್ನೊಂದು ಗಮನಿಸಿ. ಅಪ್ಪನ ಜೊತೆ ಒಬ್ಬಳೇ ಇದ್ದಾಗ ತೆಲುಗು ಜಾಸ್ತಿ ಆಗುತ್ತಾ? ಎರಡು ವರ್ಷದ ಮಕ್ಕಳೂ ಎದುರಿಗಿರುವವರನ್ನು ನೋಡಿ ಭಾಷೆ ಬದಲಿಸುತ್ತಾರೆ ಅನ್ನೋದನ್ನ ಸಂಶೋಧಕರು ಮತ್ತೆ ಮತ್ತೆ ದಾಖಲಿಸಿದ್ದಾರೆ. ಎರಡೂ ಭಾಷೆ ತಲೆಯೊಳಗೆ ಒಂದೇ ಮುದ್ದೆಯಾಗಿದ್ದಿದ್ದರೆ ಅದು ಆಗೋದೇ ಇಲ್ಲ.

ಪದ ಎಣಿಸುವಾಗ ಎಲ್ಲ ಭಾಷೆಗಳದ್ದೂ ಸೇರಿಸಿ ಎಣಿಸಿ. 1993ರಲ್ಲಿ ಮಯಾಮಿಯಲ್ಲಿ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡೂ ಕೇಳಿ ಬೆಳೆಯುವ ಪುಟ್ಟ ಮಕ್ಕಳ ಪದಸಂಪತ್ತು ಅಳೆದಿದ್ದರು. ಒಂದೊಂದೇ ಭಾಷೆ ನೋಡಿದರೆ ಕಡಿಮೆ ಅನ್ನಿಸಬಹುದು, ಎರಡನ್ನೂ ಕೂಡಿ ನೋಡಿದರೆ ಒಂದೇ ಭಾಷೆಯ ಮಕ್ಕಳಿಗೆ ಸರಿಸಮ. ಶಿಶುವಿಹಾರದವರ ಕಣ್ಣಿಗೆ ಬೀಳೋದು ಇಂಗ್ಲಿಷಿನ ಭಾಗ ಮಾತ್ರ. ಆನೆಯ ಬಾಲ ನೋಡಿ ಆನೆ ಸಣಕಲು ಅಂದ ಹಾಗೆ.

ಹಾಗಂತ ಎಲ್ಲದಕ್ಕೂ "ಎರಡು ಭಾಷೆ ಅಲ್ವಾ, ತಡ ಆಗುತ್ತೆ ಬಿಡಿ" ಅನ್ನೋದೂ ಅಪಾಯ. ಎರಡು ವರ್ಷ ತುಂಬಿದರೂ ಎಲ್ಲ ಭಾಷೆ ಸೇರಿಸಿ ಐವತ್ತು ಪದ ಇಲ್ಲ, ಎರಡು ಪದ ಜೋಡಿಸಲ್ಲ ಅಂದರೆ ತೋರಿಸಬೇಕು. ಮೊದಲು ಕಿವಿ ಪರೀಕ್ಷೆ. ಭಾಷೆ ಎರಡಿರೋದು ಮಾತಿನ ತೊಂದರೆಗೆ ಕಾರಣ ಆಗಲ್ಲ. ತೊಂದರೆ ಇರುವ ಮಗುವಿಗೆ ಒಂದು ಭಾಷೆ ಕಿತ್ತುಕೊಂಡರೆ ತೊಂದರೆ ಹೋಗೋದೂ ಇಲ್ಲ. ನಿಮ್ಮ ಮಗಳ ವಿಷಯದಲ್ಲಿ ನೀವು ಬರೆದಿರೋದರಲ್ಲಿ ನನಗೆ ಗಾಬರಿಯ ಸಂಗತಿ ಯಾವುದೂ ಕಾಣಲಿಲ್ಲ.

ಸುಮ್ನೆ ಒಬ್ಬ ಅಪ್ಪ

ಇದೇ ಮಾತು ಎಂಟು ವರ್ಷದ ಹಿಂದೆ ನಮಗೂ ಹೇಳಿದ್ದರು. ನಾವು ಕೇಳಿದೆವು. ರಾತ್ರೋರಾತ್ರಿ ಮನೆಯೆಲ್ಲ ಇಂಗ್ಲಿಷ್.

ಏನಾಯ್ತು ಅಂದರೆ, ನನಗಾಗಲಿ ನನ್ನ ಹೆಂಡತಿಗಾಗಲಿ ಇರೋದು ಆಫೀಸಿನ ಇಂಗ್ಲಿಷ್. ಮಗುವಿನ ಹತ್ತಿರ ಅದು ಬರೀ ಅಪ್ಪಣೆಯ ಇಂಗ್ಲಿಷ್ ಆಯ್ತು. ಕಮ್ ಹಿಯರ್, ಸಿಟ್ ಪ್ರಾಪರ್ಲಿ, ಡೋಂಟ್ ಟಚ್. ಮೋಡ ಯಾಕೆ ಕಪ್ಪಗಿದೆ, ಇರುವೆಗೆ ದಾರಿ ಹೇಗೆ ಗೊತ್ತಾಗುತ್ತೆ ಅಂತ ಅವನು ಕೇಳಿದರೆ, ಕನ್ನಡದಲ್ಲಾದರೆ ಅರ್ಧ ಗಂಟೆ ಹರಟುತ್ತಿದ್ದವನು ನಾನು, ಇಂಗ್ಲಿಷಿನಲ್ಲಿ ಎರಡೇ ವಾಕ್ಯಕ್ಕೆ ಮುಗಿಸುತ್ತಿದ್ದೆ. ಯೋಚನಾಶಕ್ತಿಗೆ ಒಳ್ಳೆಯದಾಗಲಿ ಅಂತ ಮಾಡಿದ್ದು, ಅವನ ಪ್ರಶ್ನೆಗಳಿಗೇ ಬಾಗಿಲು ಹಾಕಿದ ಹಾಗಾಯ್ತು.

ಈಗ ಅವನಿಗೆ ಹನ್ನೊಂದು. ಇಂಗ್ಲಿಷ್ ಚೆನ್ನಾಗಿದೆ. ಆದರೆ ಮನೆಮಾತು ಬಿಡದ ಅವನ ಗೆಳೆಯರ ಇಂಗ್ಲಿಷೂ ಅಷ್ಟೇ ಚೆನ್ನಾಗಿದೆ. ಅಜ್ಜಿ ಜೊತೆ ಫೋನಿನಲ್ಲಿ ಮೂರು ಪ್ರಶ್ನೆ, ಮೂರು "ಹ್ಞೂಂ", ಆಮೇಲೆ ಫೋನ್ ನನ್ನ ಕೈಗೆ. ಕನ್ನಡ ಅರ್ಥ ಆಗುತ್ತೆ, ಬಾಯಿಗೆ ಬರಲ್ಲ.

ಜಾಣಮರಿ

ತಂಗಾಳಿ ಅಕ್ಕ, ಚಿಂತೆನೇ ಬೇಡ! ನಿಮ್ಮ ಭಾವ ಹೇಳಿದ್ದೇ ಸರಿ! ಎರಡು ಭಾಷೆ ಮಿದುಳಿಗೆ ಜಿಮ್ ಇದ್ದ ಹಾಗೆ. ಒಂದು ಭಾಷೆ ಮಾತಾಡುವಾಗ ಇನ್ನೊಂದನ್ನ ಅದುಮಿ ಹಿಡಿಯಬೇಕಲ್ಲ, ಆ ಕಸರತ್ತಿನಿಂದ ಏಕಾಗ್ರತೆ, ಗಣಿತ, ನೆನಪು ಎಲ್ಲ ಜಾಸ್ತಿ ಆಗುತ್ತೆ. 1962ರಲ್ಲೇ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಅನ್ನೋರು ಸಾಬೀತು ಮಾಡಿದಾರೆ. ಹತ್ತು ವರ್ಷದ ಮಕ್ಕಳಲ್ಲಿ ಫ್ರೆಂಚ್, ಇಂಗ್ಲಿಷ್ ಎರಡೂ ಬರೋರು ಬುದ್ಧಿ ಪರೀಕ್ಷೆಯಲ್ಲಿ ಮುಂದೆ. ಏಳು ತಿಂಗಳ ಕೂಸುಗಳಲ್ಲೂ ಇಟಲಿಯಲ್ಲಿ ಇದನ್ನ ನೋಡಿದಾರೆ. ನಾನಂತೂ ನನ್ನ ಮಗನಿಗೆ ನಾಲ್ಕನೇ ಭಾಷೆ ಶುರು ಮಾಡಿಸಿದೀನಿ.

ಅಳತೆಗೋಲು

ಜಾಣಮರಿಯವರೇ, ಬೇಸರ ಮಾಡ್ಕೋಬೇಡಿ. "ಸಾಬೀತು" ಅನ್ನೋ ಪದ ನೋಡಿದ ಕೂಡಲೇ ನನ್ನ ಕೈ ಸುಮ್ಮನಿರಲ್ಲ. ಅಂಕಿಸಂಖ್ಯೆ ನನ್ನ ಹೊಟ್ಟೆಪಾಡು.

ಈ ಕಥೆ ಒಂದು ತೂಗುಯ್ಯಾಲೆ. 1923ರಲ್ಲಿ ವೇಲ್ಸ್‌ನಲ್ಲಿ ಸೇರ್ ಅನ್ನುವವರು ಮಕ್ಕಳ ಬುದ್ಧಿಮತ್ತೆ ಅಳೆದು, ಹಳ್ಳಿಗಾಡಿನ ಎರಡು ಭಾಷೆಯ ಮಕ್ಕಳು ಹಿಂದೆ ಬಿದ್ದಿದ್ದಾರೆ ಅಂತ ಬರೆದರು. ಪಟ್ಟಣದ ಮಕ್ಕಳಲ್ಲಿ ಆ ವ್ಯತ್ಯಾಸ ಸಿಗಲೇ ಇಲ್ಲ. ಹಾಗಿದ್ದರೆ ವ್ಯತ್ಯಾಸ ಭಾಷೆಯದ್ದಾ, ಹಳ್ಳಿಯ ಬಡತನ ಮತ್ತು ಶಾಲೆಯದ್ದಾ? ಆ ಪ್ರಶ್ನೆ ಯಾರಿಗೂ ಬೇಕಿರಲಿಲ್ಲ. ಸುಮಾರು ನಲವತ್ತು ವರ್ಷ "ಎರಡು ಭಾಷೆ ಮಗುವಿಗೆ ಹೊರೆ" ಅನ್ನೋದೇ ವೇದವಾಕ್ಯ. ತಂಗಾಳಿಯವರ ಟೀಚರ್ ಬಾಯಲ್ಲಿ ಬಂದದ್ದು ಆ ಕಾಲದ ಮಾತಿನ ಪಳೆಯುಳಿಕೆ.

ಆಮೇಲೆ ನೀವು ಹೇಳಿದ 1962. ಉಯ್ಯಾಲೆ ಆ ಕಡೆ ಹೋಯ್ತು. ಅವರು ಮನೆಯ ಆರ್ಥಿಕ ಸ್ಥಿತಿಯನ್ನು ಸರಿದೂಗಿಸಿದ್ದು ದೊಡ್ಡ ಸುಧಾರಣೆ, ಒಪ್ಪಿದೆ. ಆದರೆ ಎರಡೂ ಭಾಷೆಯಲ್ಲಿ ಸಮ ಹಿಡಿತ ಇರೋ ಮಕ್ಕಳನ್ನ ಮಾತ್ರ ಆರಿಸಿಕೊಂಡಿದ್ದರು. ಹತ್ತನೇ ವಯಸ್ಸಿಗೆ ಎರಡು ಭಾಷೆಯಲ್ಲೂ ಸಮಸಮ ಇರೋ ಮಗು ಮೊದಲೇ ಚುರುಕಾಗಿದ್ದಿರಬಹುದಲ್ಲ? ಭಾಷೆಯಿಂದ ಬುದ್ಧಿಯೋ, ಬುದ್ಧಿಯಿಂದ ಭಾಷೆಯೋ ಅನ್ನೋದು ಅಲ್ಲಿಂದ ತಿಳಿಯಲ್ಲ.

ಜಿಮ್ಮಿನ ಮಾತು ಬಂದದ್ದು 1999ರ ಆಚೀಚೆ. ಕೆನಡಾದ ಎಲೆನ್ ಬಿಯಾಲಿಸ್ಟಾಕ್ ಪುಟ್ಟ ಮಕ್ಕಳಿಗೆ ಕಾರ್ಡ್ ಆಟ ಆಡಿಸಿದರು. ಮೊದಲು ಬಣ್ಣ ನೋಡಿ ವಿಂಗಡಿಸು, ಆಮೇಲೆ ಅದೇ ಕಾರ್ಡುಗಳನ್ನು ಆಕಾರ ನೋಡಿ ವಿಂಗಡಿಸು. ಮೂರು ವರ್ಷದ ಮಕ್ಕಳು ನಿಯಮ ಬದಲಾದರೂ ಹಳೇದಕ್ಕೇ ಅಂಟಿಕೊಳ್ತಾರೆ. ಬಾಯಲ್ಲಿ ಹೊಸ ನಿಯಮ ಹೇಳುತ್ತಾರೆ, ಕೈ ಹಳೇ ಡಬ್ಬಕ್ಕೇ ಹಾಕುತ್ತೆ. ಎರಡು ಭಾಷೆಯ ಮಕ್ಕಳು ಇದನ್ನ ಬೇಗ ದಾಟಿದರು ಅಂತ ಕಂಡುಬಂತು. ಚಂದದ ಪ್ರಯೋಗ, ನನಗೂ ಇಷ್ಟ.

ಕಷ್ಟ ಶುರುವಾದದ್ದು ಬೇರೆಯವರು ದೊಡ್ಡ ಸಂಖ್ಯೆಯಲ್ಲಿ ಮಾಡಿದಾಗ. 2013ರಲ್ಲಿ ಪಾಪ್ ಮತ್ತು ಗ್ರೀನ್‌ಬರ್ಗ್, ಹಲವು ಪರೀಕ್ಷೆ ಒಟ್ಟಿಗೆ ನೋಡಿ, ಇಲ್ಲಿ ಒಂದಕ್ಕೊಂದು ಹೊಂದುವ ಪುರಾವೆ ಕಾಣ್ತಿಲ್ಲ ಅಂದರು. 2014ರಲ್ಲಿ ಸ್ಪೇನಿನ ಬಾಸ್ಕ್ ಪ್ರಾಂತ್ಯದ 252 ದ್ವಿಭಾಷಿ ಮಕ್ಕಳನ್ನ 252 ಏಕಭಾಷಿ ಮಕ್ಕಳ ಜೊತೆ ಹೋಲಿಸಿದರು, ವ್ಯತ್ಯಾಸ ಇಲ್ಲ. 2019ರಲ್ಲಿ ಅಮೆರಿಕದಲ್ಲಿ ಒಂಬತ್ತು ಹತ್ತು ವರ್ಷದ 4,524 ಮಕ್ಕಳ ಮಾಹಿತಿ ಜಾಲಾಡಿದರು, ಅಲ್ಲೂ ಗಮನ, ನಿಯಂತ್ರಣ, ಒಂದರಿಂದ ಇನ್ನೊಂದಕ್ಕೆ ಹೊರಳುವ ಶಕ್ತಿ ಯಾವುದರಲ್ಲೂ ಹೆಚ್ಚುಗಾರಿಕೆ ಸಿಗಲಿಲ್ಲ. ಇಟಲಿಯ ಏಳು ತಿಂಗಳ ಕೂಸುಗಳ ಪ್ರಯೋಗ 2009ರದ್ದು. ಬೇರೆ ಪ್ರಯೋಗಾಲಯದವರು ಮಾಡಿದಾಗ ಅದೇ ಫಲ ಕೈಗೆ ಬರಲಿಲ್ಲ.

ಮತ್ತೊಂದು ಕಿರಿಕಿರಿ. 2015ರಲ್ಲಿ ಡಿ ಬ್ರೂಯಿನ್ ಮತ್ತು ಸಂಗಡಿಗರು ಸಮ್ಮೇಳನಗಳಲ್ಲಿ ಮಂಡನೆಯಾದ ಅಧ್ಯಯನಗಳಲ್ಲಿ ಎಷ್ಟು ಅಚ್ಚಾದವು ಅಂತ ಲೆಕ್ಕ ಹಾಕಿದರು. "ಲಾಭ ಇದೆ" ಅಂದವು ಹೆಚ್ಚು ಅಚ್ಚಾಗಿದ್ದವು, "ಇಲ್ಲ" ಅಂದವು ಹೆಚ್ಚಾಗಿ ಕಪಾಟಿನಲ್ಲೇ ಉಳಿದಿದ್ದವು. ಭಾವಂದಿರು ಕಳಿಸೋ ವೀಡಿಯೊಗೆ ಅಚ್ಚಾದದ್ದು ಮಾತ್ರ ಸಿಗುತ್ತೆ.

ಗುಬ್ಬಚ್ಚಿ

ಅಂದರೆ ನಾನು ಮೂರು ಭಾಷೆ ಕಲಿತೂ ದಡ್ಡಿಯಾಗಿ ಉಳಿದಿರೋದಕ್ಕೆ ವೈಜ್ಞಾನಿಕ ಆಧಾರ ಇದೆ ಅಂತಾಯ್ತು 😄

ಜಾಣಮರಿ

ಅಳತೆಗೋಲು ಸರ್, ನೀವು ಎಲ್ಲಾದಕ್ಕೂ ತಣ್ಣೀರೆರಚುತ್ತೀರಿ. ಹಾಗಾದ್ರೆ ಮರೆವಿನ ಕಾಯಿಲೆ ತಡವಾಗಿ ಬರುತ್ತೆ ಅನ್ನೋದೂ ಸುಳ್ಳಾ?

ಅಳತೆಗೋಲು

ಅದು ಸುಳ್ಳಲ್ಲ, ಅದೇ ಬೇರೆ ಪ್ರಶ್ನೆ. 2013ರಲ್ಲಿ ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ತಂಡ 648 ರೋಗಿಗಳ ದಾಖಲೆ ನೋಡಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಮರೆವಿನ ಲಕ್ಷಣ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಓದುಬರಹ ಬಾರದವರಲ್ಲೂ ಅದು ಇತ್ತು, ಆದ್ದರಿಂದ "ಓದಿದವರು ಎರಡು ಭಾಷೆ ಕಲಿತಿರ್ತಾರೆ, ಅದಕ್ಕೇ" ಅಂತ ತಳ್ಳಿಹಾಕೋಕೆ ಆಗಲ್ಲ. 2014ರಲ್ಲಿ ಎಡಿನ್‌ಬರೋದಲ್ಲಿ ಇನ್ನೂ ಅಪರೂಪದ್ದು. 1947ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ, ಬುದ್ಧಿ ಪರೀಕ್ಷೆ ಬರೆದಿದ್ದವರಲ್ಲಿ 853 ಜನರನ್ನ ಎಪ್ಪತ್ತು ದಾಟಿದ ಮೇಲೆ ಮತ್ತೆ ಪರೀಕ್ಷಿಸಿದರು. ಇನ್ನೊಂದು ಭಾಷೆ ಕಲಿತವರು, ಬಾಲ್ಯದ ಅಂಕ ನೋಡಿ ನಿರೀಕ್ಷಿಸಬಹುದಾದದ್ದಕ್ಕಿಂತ ಚೆನ್ನಾಗಿ ಮಾಡಿದರು. ಇದಕ್ಕೆ ನಾನು ಟೋಪಿ ತೆಗೀತೀನಿ.

ಆದರೆ ಎಪ್ಪತ್ತು ವರ್ಷ ಬಳಸಿದ ಮಿದುಳಿನ ಸುದ್ದಿಯನ್ನ ಮೂರು ವರ್ಷದ ಮಗುವಿನ ಗಣಿತಕ್ಕೆ ಹೊದೆಸಬೇಡಿ. ನನ್ನ ಜಗಳ ಅಷ್ಟಕ್ಕೇ.

ಹಳೇ ಮೇಷ್ಟ್ರು

ಎರಡು ದಿನದಿಂದ ಓದುತ್ತಿದ್ದೇನೆ. ಅಳತೆಗೋಲಿನವರು ಹೇಳಿದ್ದೆಲ್ಲ ಸರಿಯಿರಬಹುದು. ಆದರೆ ಗಡಿಯಾರ ಹಿಡಿದು, ಗುಂಡಿ ಒತ್ತಿಸಿ, ಮಿಲಿಸೆಕೆಂಡಿನಲ್ಲಿ ಅಳೆಯುವುದೊಂದೇ ಯೋಚನೆಯಲ್ಲವಲ್ಲ ಸ್ವಾಮಿ. ಮೂವತ್ತು ವರ್ಷ ಮಕ್ಕಳ ಮುಂದೆ ನಿಂತವನು ನಾನು. ಎರಡು ಭಾಷೆಯ ಮಗುವಿನಲ್ಲಿ ನಾನು ಕಂಡ ವ್ಯತ್ಯಾಸ ವೇಗದ್ದಲ್ಲ. ಪದ ಬೇರೆ, ವಸ್ತು ಬೇರೆ ಎಂಬುದು ಆ ಮಗುವಿಗೆ ಬೇಗ ಹೊಳೆಯುತ್ತದೆ.

ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ ಇದನ್ನು 1930ರ ದಶಕದಲ್ಲೇ ಬರೆದಿದ್ದಾನೆ. ಸಣ್ಣ ಮಗುವಿಗೆ "ನಾಯಿಯನ್ನು ಹಸು ಅಂತ ಕರೆಯೋಣ" ಎಂದು ಹೇಳಿ, ಈ ಹಸುವಿಗೆ ಕೊಂಬು ಇದೆಯಾ ಎಂದು ಕೇಳಿದರೆ, ಹಸು ಅಂದಮೇಲೆ ಕೊಂಬು ಇರಲೇಬೇಕು ಎಂದು ಮಗು ವಾದಿಸುತ್ತದೆ. ಹೆಸರು ಅದಕ್ಕೆ ವಸ್ತುವಿನ ಚರ್ಮದಷ್ಟೇ ಗಟ್ಟಿ. ಇನ್ನೊಂದು ಭಾಷೆ ಕಲಿತ ಮಗು ತನ್ನ ಭಾಷೆಯನ್ನೂ ಹಲವು ವ್ಯವಸ್ಥೆಗಳಲ್ಲಿ ಒಂದು ಎಂದು ನೋಡಲು ಶುರುಮಾಡುತ್ತದೆ ಎಂಬುದು ಅವನ ವಾದ. 1972ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಅನಿತಾ ಇಯಾಂಕೊ ವೊರಾಲ್ ಇದನ್ನು ಪರೀಕ್ಷಿಸಿದರು. ಆಫ್ರಿಕಾನ್ಸ್ ಮತ್ತು ಇಂಗ್ಲಿಷ್ ಎರಡರಲ್ಲೂ ಬೆಳೆದ ಮಕ್ಕಳಿಗೆ "ಕ್ಯಾಪ್‌ಗೆ ಹತ್ತಿರದ್ದು ಯಾವುದು, ಕ್ಯಾನಾ ಹ್ಯಾಟಾ?" ಎಂದು ಕೇಳಿದರೆ, ನಾಲ್ಕರಿಂದ ಆರು ವರ್ಷದವರಲ್ಲೇ ಬಹಳ ಮಕ್ಕಳು ಹ್ಯಾಟ್ ಅಂದರು. ಒಂದೇ ಭಾಷೆಯ ಮಕ್ಕಳು ಸದ್ದಿಗೆ ಮರುಳಾಗಿ ಕ್ಯಾನ್ ಹಿಡಿದುಕೊಂಡದ್ದು ಹೆಚ್ಚು. ಬಿಯಾಲಿಸ್ಟಾಕ್ ಕೂಡ ಕಾರ್ಡ್ ಆಟಕ್ಕೆ ಮೊದಲು ಇಂಥದ್ದೇ ಮಾಡಿದ್ದರು. "ಸೇಬು ಮೂಗಿನ ಮೇಲೆ ಬೆಳೆಯುತ್ತದೆ" ಎಂಬ ವಾಕ್ಯ ಹೇಳಿ, ಅರ್ಥ ಬಿಡು, ವ್ಯಾಕರಣ ಸರಿಯಿದೆಯೇ ಹೇಳು ಎನ್ನುವುದು. ಮಗುವಿಗೆ ನಗು ತಡೆದುಕೊಂಡು "ಸರಿಯಿದೆ" ಎನ್ನುವುದು ಎಷ್ಟು ಕಷ್ಟ ಗೊತ್ತೇ? ಎರಡು ಭಾಷೆಯವರು ಅಲ್ಲಿ ಮುಂದಿದ್ದರು.

ನಮ್ಮವರ ಕೆಲಸವನ್ನೂ ಹೇಳಬೇಕು. ಒಡಿಶಾದ ಕೊಂಧ ಸಮುದಾಯದಲ್ಲಿ ಕೆಲವು ಕಡೆ ಕುಯಿ ಭಾಷೆಯೂ ಒಡಿಯಾವೂ ಎರಡೂ ಉಳಿದಿವೆ, ಕೆಲವು ಕಡೆ ಕುಯಿ ಮರೆತುಹೋಗಿ ಒಡಿಯಾ ಒಂದೇ ಆಗಿದೆ. ಸಮುದಾಯ ಅದೇ, ಬಡತನವೂ ಅದೇ. ಅಜಿತ್ ಮೊಹಾಂತಿ ಈ ಎರಡು ಗುಂಪಿನ ಮಕ್ಕಳನ್ನು ಹೋಲಿಸಿದರು. ವೇಲ್ಸಿನ ಲೆಕ್ಕದಲ್ಲಿ ಬೆರೆತುಹೋಗಿದ್ದ ಹಳ್ಳಿ ಪಟ್ಟಣದ ತೊಡಕು ಇಲ್ಲಿ ಇಲ್ಲ, ನೋಡಿ. ಭಾಷೆಯನ್ನೇ ಕುರಿತು ಯೋಚಿಸುವ ಪರೀಕ್ಷೆಗಳಲ್ಲಿ ಎರಡೂ ಭಾಷೆ ಉಳಿಸಿಕೊಂಡವರೇ ಮೇಲುಗೈ.

ನನ್ನ ತರಗತಿಯದ್ದೊಂದು. ಹಿಂದಿ ಮನೆಮಾತಿನ ಹುಡುಗನೊಬ್ಬ ಹೊಸದಾಗಿ ಬಂದಿದ್ದ. ನಾನು ಯಾರಿಗೋ "ಇವತ್ತು ನಿನಗೆ ಶಿಕ್ಷೆ" ಎಂದೆ. ಇವನು ಕೈ ಎತ್ತಿ "ನನಗೂ ಬೇಕು ಸರ್" ಎಂದ. ಹಿಂದಿಯಲ್ಲಿ ಶಿಕ್ಷಾ ಎಂದರೆ ವಿದ್ಯೆ! ಇಡೀ ತರಗತಿ ನಕ್ಕಿತು, ಆಮೇಲೆ ಅದೇ ಒಂದು ಆಟವಾಯಿತು. ನಮ್ಮ ಉಪನ್ಯಾಸ ಅವರಿಗೆ ಕಾದಂಬರಿ. ನಮ್ಮ ಚೇಷ್ಟೆ ಅವರಿಗೆ ಪ್ರಯತ್ನ. ನಮ್ಮ ಸಂಸಾರ ಅವರಿಗೆ ಇಡೀ ಜಗತ್ತು. ಅವರ ಕಲ್ ನಿನ್ನೆಯೂ ಹೌದು, ನಾಳೆಯೂ ಹೌದು. "ಹಾಗಾದರೆ ನಿಮಗೆ ನಿನ್ನೆ ಯಾವುದು ನಾಳೆ ಯಾವುದು ಹೇಗೆ ಗೊತ್ತಾಗುತ್ತೆ?" ಎಂದು ಒಬ್ಬಳು ಕೇಳಿದಳು. ಅವನು ತಡವರಿಸಿದ. ಸ್ವಲ್ಪ ಹೊತ್ತು ಬಿಟ್ಟು "ಕೊನೇ ಪದ ಹೇಳುತ್ತೆ" ಎಂದ. ಕಾಲವನ್ನು ಹೇಳುವುದು ಕ್ರಿಯಾಪದ ಎಂಬುದನ್ನು ಆರನೇ ತರಗತಿಯ ಹುಡುಗ, ನಾನು ಪಾಠ ಮಾಡದೆ, ತಾನೇ ಕಂಡುಕೊಂಡ. ಇದನ್ನು ಯಾವ ಗಡಿಯಾರದಲ್ಲಿ ಅಳೆಯುತ್ತೀರಿ?

ಅಳತೆಗೋಲು

ಮೇಷ್ಟ್ರೇ, ಅಡ್ಡ ಬಂದೆ. ಭಾಷೆ ಕುರಿತ ಅರಿವಿನ ವಿಷಯದಲ್ಲಿ ಪುರಾವೆ ಬೇರೆಯದಕ್ಕಿಂತ ಗಟ್ಟಿ, ಅದನ್ನ ನಾನೂ ಒಪ್ತೀನಿ. ಭಾಷೆ ಜಾಸ್ತಿ ಬಳಸಿದರೆ ಭಾಷೆಯ ಬಗ್ಗೆ ಜಾಸ್ತಿ ತಿಳಿಯುತ್ತೆ. ಅಲ್ಲಿಂದ ಗಣಿತಕ್ಕೆ, ಏಕಾಗ್ರತೆಗೆ ಹಾರಬೇಡಿ ಅಷ್ಟೇ ನನ್ನ ಕೋರಿಕೆ. ಕಲ್ ಕಥೆ ಮಾತ್ರ ಮಸ್ತ್.

ನನ್ನ ಕಡೆಯಿಂದಲೂ ಒಂದು ಸೇರಿಸ್ತೀನಿ, ತಣ್ಣೀರಿನವನು ಅಂತ ಹೆಸರು ಬಂದಿದೆಯಲ್ಲ. 2015ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ನಾಲ್ಕರಿಂದ ಆರು ವರ್ಷದ ಮಕ್ಕಳ ಮುಂದೆ ಮೂರು ಗಾತ್ರದ ಆಟಿಕೆ ಕಾರು ಇಟ್ಟರು. ಎದುರು ಕೂತ ದೊಡ್ಡವರಿಗೆ ತೀರಾ ಚಿಕ್ಕದು ಕಾಣದ ಹಾಗೆ ಮರೆ. ಅವರು "ಚಿಕ್ಕ ಕಾರು ಕೊಡು" ಅಂತಾರೆ. ತನಗೆ ಕಾಣೋ ಚಿಕ್ಕದ್ದನ್ನ ಕೊಡಬೇಕಾ, ಅವರಿಗೆ ಕಾಣೋದ್ರಲ್ಲಿ ಚಿಕ್ಕದ್ದನ್ನ ಕೊಡಬೇಕಾ? ಒಂದೇ ಭಾಷೆಯ ಮಕ್ಕಳು ಅರ್ಧದಷ್ಟು ಸಲ ಸರಿ ಮಾಡಿದರು, ಎರಡು ಭಾಷೆಯವರು ಮುಕ್ಕಾಲು ಪಾಲು. ವಿಶೇಷ ಇದಲ್ಲ. ತಾವು ಆಡದೆ ಇದ್ದರೂ, ಸುತ್ತ ಇನ್ನೊಂದು ಭಾಷೆ ಕೇಳಿಸಿಕೊಂಡು ಬೆಳೆದ ಮಕ್ಕಳೂ ಮುಕ್ಕಾಲು ಪಾಲು ಸರಿ! ಯಾರಿಗೆ ಏನು ಗೊತ್ತು, ಯಾರ ಹತ್ತಿರ ಯಾವ ಮಾತು ಅನ್ನೋ ಲೆಕ್ಕ ಅಂಥ ಮನೆಯಲ್ಲಿ ದಿನವಿಡೀ ನಡೆಯುತ್ತಲ್ಲ, ಅದರ ಫಲ ಇರಬೇಕು. ಒಂದು ಚಿಕ್ಕ ಅಧ್ಯಯನ, ಹಾಗೇ ತಗೊಳ್ಳಿ.

ಸುಮ್ನೆ ಒಬ್ಬ ಅಪ್ಪ

ಕೇಳಿಸಿಕೊಂಡು ಬೆಳೆದರೂ ಸಾಕು ಅನ್ನೋದು ಓದಿ ಸ್ವಲ್ಪ ಉಸಿರು ಬಂತು. ನಾವಿಬ್ಬರು ಜಗಳ ಆಡೋದು ಕನ್ನಡದಲ್ಲೇ.

ಪ್ರಶ್ನಾರ್ಥಕ

ಒಂದು ಪ್ರಾಯೋಗಿಕ ಸಂದೇಹ. ಎಲ್ಲ ಸರಿ, ಆದರೆ ಶಾಲೆ ಇಂಗ್ಲಿಷಿನಲ್ಲಿ. ಮನೆಯಲ್ಲಿ ಬೇರೆ ಭಾಷೆಗೆ ಕೊಟ್ಟ ಸಮಯ ಇಂಗ್ಲಿಷಿನಿಂದ ಕಿತ್ತುಕೊಂಡದ್ದೇ ಅಲ್ವಾ? ದಿನಕ್ಕೆ ಗಂಟೆ ಅಷ್ಟೇ ಇರೋದು.

ಮಾತುಗಾತಿ

ಗಂಟೆ ಅಷ್ಟೇ ನಿಜ. ಆದರೆ ತಲೆಯೊಳಗೆ ಭಾಷೆಗೊಂದು ಡಬ್ಬ, ಒಂದರಲ್ಲಿ ಹಾಕಿದ್ದು ಇನ್ನೊಂದರಲ್ಲಿ ಇಲ್ಲ ಅನ್ನೋ ಲೆಕ್ಕ ಸರಿಯಲ್ಲ. ಕೆನಡಾದ ಜಿಮ್ ಕಮಿನ್ಸ್ ಇದನ್ನ 1979ರಲ್ಲೇ ವಾದಿಸಿದರು. ಕಾರಣ ಹೇಳೋದು, ಕಥೆಯನ್ನ ಮೊದಲಿನಿಂದ ಕೊನೆಯವರೆಗೆ ಎಳೆ ತಪ್ಪದೆ ಹೇಳೋದು, ಎರಡು ವಸ್ತು ಹೋಲಿಸೋದು, ಇವೆಲ್ಲ ಒಂದು ಭಾಷೆಯಲ್ಲಿ ಗಟ್ಟಿಯಾದರೆ ಇನ್ನೊಂದಕ್ಕೂ ದಾಟುತ್ತವೆ. ಅಲ್ಲಿ ಬೇಕಾಗೋದು ಹೊಸ ಪದಗಳು, ಹೊಸ ಬುದ್ಧಿಯಲ್ಲ.

ಎಣಿಕೆ ನೋಡಿ. ಮೂವತ್ತೇಳು ಅಂದರೆ ಮೂವತ್ತು ಮೇಲೆ ಏಳು, ಕನ್ನಡದಲ್ಲಿ ಪದವನ್ನ ಬಿಚ್ಚಿದರೇ ಲೆಕ್ಕ ಕಾಣುತ್ತೆ. ಹಿಂದಿಯ ಸೈಂತೀಸ್ ಬಿಚ್ಚೋಕೆ ಅಷ್ಟು ಸುಲಭ ಅಲ್ಲ, ಬಾಯಿಪಾಠವೇ ಗತಿ. ಹತ್ತರ ಗುಂಪು ಅನ್ನೋದು ಕನ್ನಡದಲ್ಲಿ ಒಮ್ಮೆ ತಲೆಗೆ ಹತ್ತಿದ ಮಗುವಿಗೆ ಇಂಗ್ಲಿಷಿನಲ್ಲಿ ಮತ್ತೆ ಮೊದಲಿನಿಂದ ಹತ್ತಿಸಬೇಕಾಗಿಲ್ಲ.

ಕಮಿನ್ಸ್ ಹೇಳಿದ ಇನ್ನೊಂದು ಮಾತು ಟೀಚರುಗಳಿಗೆ ಬಹಳ ಉಪಯೋಗ. ಆಟದ ಮೈದಾನದ ಮಾತು ಮಕ್ಕಳಿಗೆ ಸುಮಾರು ಎರಡು ವರ್ಷದಲ್ಲಿ ಬಂದುಬಿಡುತ್ತೆ. ಪಾಠದ ಭಾಷೆ, ಅಂದರೆ ಕಾರಣ, ವ್ಯಾಖ್ಯೆ, ವಾದ, ಅದಕ್ಕೆ ಐದರಿಂದ ಏಳು ವರ್ಷ ಬೇಕು. ಪಟಪಟ ಮಾತಾಡೋ ಮಗು ಪರೀಕ್ಷೆಯಲ್ಲಿ ತಡವರಿಸಿದರೆ "ಬುದ್ಧಿ ಕಮ್ಮಿ" ಅನ್ನೋ ತೀರ್ಪು ಕೊಡೋದು ಈ ವ್ಯತ್ಯಾಸ ತಿಳಿಯದೆ.

ಹಳೇ ಮೇಷ್ಟ್ರು

ಇದಕ್ಕೆ ನೈಜೀರಿಯಾದ ಉದಾಹರಣೆ ಇದೆ. 1970ರಲ್ಲಿ ಇಫೆ ಊರಿನಲ್ಲಿ ಒಂದು ಯೋಜನೆ ಶುರುವಾಯಿತು. ಆರು ವರ್ಷ ಎಲ್ಲ ಪಾಠ ಯೊರುಬಾ ಭಾಷೆಯಲ್ಲಿ, ಇಂಗ್ಲಿಷನ್ನು ಒಂದು ವಿಷಯವಾಗಿ, ಅದಕ್ಕೆಂದೇ ತಯಾರಾದ ಶಿಕ್ಷಕರಿಂದ. ಅರ್ಧಕ್ಕೇ ಇಂಗ್ಲಿಷಿಗೆ ಹೊರಳಿದ ತರಗತಿಗಳ ಮಕ್ಕಳಿಗಿಂತ ಇವರು ಹಿಂದೆ ಬೀಳಲಿಲ್ಲ, ಇಂಗ್ಲಿಷಿನಲ್ಲೂ ಬೀಳಲಿಲ್ಲ. ಗಂಟೆ ಲೆಕ್ಕ ಹಾಕುವವರು ಇದನ್ನು ಹೇಗೆ ಕೂಡಿಸಿ ಕಳೆಯುತ್ತಾರೋ!

ಜಾಣಮರಿ

ಸರಿ ಸರಿ, ಮಿದುಳಿಗೆ ಜಿಮ್ ಅಂದಿದ್ದ ಮಾತು ವಾಪಸ್ ತಗೊಂಡೆ. ಆದರೆ ನನ್ನ ಮಗನ ನಾಲ್ಕನೇ ಭಾಷೆ ನಿಲ್ಲಿಸಬೇಕಾ? ಆ್ಯಪ್‌ನಲ್ಲಿ ದಿನಕ್ಕೆ ಹತ್ತು ನಿಮಿಷ.

ಮಾತುಗಾತಿ

ಅವನಿಗೆ ಖುಷಿಯಾದರೆ ಆಡಲಿ ಬಿಡಿ. ಆದರೆ ಆ್ಯಪ್ ಅವನು ಹೇಳಿದ್ದಕ್ಕೆ "ಯಾಕೆ?" ಅಂತ ತಿರುಗಿ ಕೇಳಲ್ಲ. ಮಕ್ಕಳಿಗೆ ಭಾಷೆ ಅಂಟೋದು ಆ ಭಾಷೆಯಲ್ಲಿ ಅವರ ಜೊತೆ ವಾದಕ್ಕೆ ಇಳಿಯೋ ಮನುಷ್ಯ ಇದ್ದಾಗ.

ಪ್ರಶ್ನಾರ್ಥಕ

ಒಬ್ಬರು ಒಂದೇ ಭಾಷೆ ಆಡಬೇಕು, ಬೆರೆಸಲೇಬಾರದು ಅಂತಾರಲ್ಲ, ಅದು ಕಡ್ಡಾಯವಾ? ನಮ್ಮ ಮನೆಯಲ್ಲಿ ಯಾರು ಯಾವಾಗ ಏನು ಮಾತಾಡ್ತಾರೆ ಅಂತ ನಮಗೇ ಗೊತ್ತಿಲ್ಲ.

ಮಾತುಗಾತಿ

ಆ ಸೂತ್ರ ಹಳೇದು. 1913ರಲ್ಲಿ ಫ್ರಾನ್ಸಿನ ರೊಂಜಾ ಅನ್ನುವ ಭಾಷಾವಿಜ್ಞಾನಿ ತನ್ನ ಮಗನ ಬಗ್ಗೆ ಪ್ರಕಟಿಸಿದ ಪುಸ್ತಕದಿಂದ ಹಬ್ಬಿದ್ದು. ಅಪ್ಪ ಫ್ರೆಂಚ್, ಅಮ್ಮ ಜರ್ಮನ್. ಚೆನ್ನಾಗಿ ನಡೆಯಿತು, ನಿಜ. ಆದರೆ ಅದು ಒಂದು ದಾರಿ, ಕಾನೂನಲ್ಲ. ಮುಖ್ಯ ಆಗೋದು ಪ್ರತಿ ಭಾಷೆಯೂ ಸಾಕಷ್ಟು ಕಿವಿಗೆ ಬೀಳೋದು, ಅದರಲ್ಲಿ ಮಾತಾಡಲೇಬೇಕಾದ ಸಂದರ್ಭ ಇರೋದು. ಎರಡೂ ಭಾಷೆ ಎಲ್ಲದರಲ್ಲೂ ಸಮ ಇರಬೇಕು ಅನ್ನೋ ಹಟವೂ ಬೇಡ. ದ್ವಿಭಾಷಿ ಅಂದರೆ ಒಬ್ಬರೊಳಗೆ ಕೂಡಿಸಿಟ್ಟ ಇಬ್ಬರು ಏಕಭಾಷಿಗಳಲ್ಲ ಅಂತ ಭಾಷಾವಿಜ್ಞಾನಿ ಫ್ರಾಂಸ್ವಾ ಗ್ರೋಜಾನ್ 1989ರಲ್ಲೇ ಬರೆದಿದ್ದಾರೆ. ಲೆಕ್ಕ ಒಂದರಲ್ಲಿ, ಮುನಿಸು ಇನ್ನೊಂದರಲ್ಲಿ, ಹಾಗೇ ಹಂಚಿಹೋಗುತ್ತೆ.

ತಂಗಾಳಿ

ಎಲ್ಲರಿಗೂ ಥ್ಯಾಂಕ್ಸ್. ಉತ್ತರ ಕೊಡೋಕೆ ನಾಲ್ಕು ತಿಂಗಳು ತಗೊಂಡೆ, ಕ್ಷಮಿಸಿ.

ಟೀಚರ್ ಹತ್ತಿರ ಹೋಗಿ ಮಾತಾಡಿದೆ. ಜಗಳ ಆಡಲಿಲ್ಲ. ಅವಳಿಗೆ ಮೂರು ಭಾಷೆಯಲ್ಲೂ ಗೊತ್ತಿರೋ ಪದಗಳನ್ನ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿದ್ದೆ, ಮಾತುಗಾತಿಯವರು ಹೇಳಿದ ಹಾಗೆ. ಅವರು ಪುಟ ತಿರುವಿ "ಇಷ್ಟೊಂದಾ?" ಅಂದರು. ಪೂರ್ತಿ ಒಪ್ಪಿದರು ಅಂತಲ್ಲ, "ನೋಡೋಣ" ಅಂದರು. ಕಿವಿ ಪರೀಕ್ಷೆಯೂ ಆಯ್ತು, ಚೆನ್ನಾಗಿದೆ. ಮನೆಯಲ್ಲಿ ಏನೂ ಬದಲಾಯಿಸಿಲ್ಲ.

ಬಾಲು ಈಗ ಅಪ್ಪನ ಹತ್ತಿರ ಬಂತಿ, ನನ್ನ ಹತ್ತಿರ ಚೆಂಡು ಆಗಿದೆ. ಆದರೆ ಎಡವಟ್ಟು ನಿಂತಿಲ್ಲ. ಅವರಪ್ಪ ನಾನು ಕೊಟ್ಟ ಕೊಡೆಗೆ "ಅವಸರಂ ಲೇದು" ಅಂದರು, ತೆಲುಗಿನಲ್ಲಿ ಬೇಕಾಗಿಲ್ಲ ಅಂತ. ಇವಳು ಓಡಿಬಂದು "ಅಪ್ಪಂಗೆ ಅವಸರ ಇಲ್ವಂತೆ, ನಿಧಾನ ಹೋಗ್ತಾರಂತೆ" ಅಂತ ವರದಿ ಒಪ್ಪಿಸಿದಳು. ಮೇಷ್ಟ್ರ ಪಟ್ಟಿಗೆ ಸೇರಿಸಿಕೊಳ್ಳಿ.

ನಿಮಗೆಲ್ಲ ಹೇಳಲೇಬೇಕು ಅನ್ನಿಸಿದ್ದು ಇನ್ನೊಂದು. ತೆಲುಗಿನಲ್ಲಿ ನಾವು ಅನ್ನೋದಕ್ಕೆ ಎರಡು ಪದ ಇದೆ. ಕೇಳುತ್ತಿರುವವರನ್ನೂ ಸೇರಿಸಿಕೊಂಡರೆ ಮನಂ, ಅವರನ್ನು ಬಿಟ್ಟು ಹೇಳಿದರೆ ಮೇಮು. ಅವರಪ್ಪ "ಮೇಮು ಬಯಟಿಕಿ ವೆಳ್ತುನ್ನಾಂ" ಅಂದರೆ ಸಾಕು, ತನ್ನನ್ನು ಕರೆದುಕೊಂಡು ಹೋಗಲ್ಲ ಅಂತ ತಿಳಿದು ಮುಖ ಊದಿಸಿಕೊಳ್ತಾಳೆ. ಕನ್ನಡದಲ್ಲಿ ಆ ಭೇದ ಇಲ್ಲ ಅನ್ನೋದನ್ನ ನಾನು ಇಷ್ಟು ವರ್ಷ ಯೋಚಿಸಿಯೇ ಇರಲಿಲ್ಲ. ಮೊನ್ನೆ ಸಂಜೆ ನಾನು "ನಾವು ಸ್ವಲ್ಪ ಹೊರಗೆ ಹೋಗಿ ಬರ್ತೀವಿ" ಅಂದೆ. ಆಡುತ್ತಿದ್ದವಳು ಕೈಯಲ್ಲಿದ್ದದ್ದನ್ನ ಕೆಳಗಿಟ್ಟು, ನನ್ನ ಮುಖ ನೋಡಿ ಕೇಳಿದಳು:

"ಅಮ್ಮಾ, ಯಾವ ನಾವು? ಮನಮಾ, ಮೇಮಾ?"

ಒಂದು ಕ್ಷಣ ನನಗೇ ಗೊತ್ತಾಗಲಿಲ್ಲ, ಯಾಕಂದ್ರೆ ನಿಜಕ್ಕೂ ನಾನು ಅದನ್ನ ನಿರ್ಧಾರ ಮಾಡಿರಲಿಲ್ಲ. "ಮನಂ" ಅಂದೆ. ನಾನು ಬಾಗಿಲ ಹತ್ತಿರ ಬರೋಷ್ಟರಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದಳು.